ಹಾರನ್ ಹೊಡೆದದ್ದು ನಿಜ

"ಡ್ರೈವರ್ ಹಾರನ್ ಹೊಡೆದನೋ, ಇಲ್ಲವೋ? ಅಷ್ಟು ಹೇಳಿ ಮೇಷ್ಟ್ರೇ."

ಹದಿನೈದು ದಿನದ ಹಿಂದೆ, ಒಂದು ಮಂಗಳವಾರ ಬೆಳಿಗ್ಗೆ, ನಡುರಸ್ತೆಯಲ್ಲಿ ನಿಂತು ಎಂಜಿನಿಯರ್ ಸಾಹೇಬರು ನನ್ನನ್ನು ಕೇಳಿದ ಪ್ರಶ್ನೆ. ಹೌದು ಅಂದರೆ ಆಯಿತು, ಇಲ್ಲ ಅಂದರೆ ಆಯಿತು. ದಿನವೂ ಮಕ್ಕಳ ಸ್ಲೇಟಿನ ಮೇಲೆ ಸರಿ, ತಪ್ಪು ಹಾಕುವ ನನಗೆ ಅಷ್ಟೇ ಕಷ್ಟವಾಯಿತು.

ಯಾಕೆ ಅಂತೀರಾ? ಹೇಳುತ್ತೇನೆ.

ನಮ್ಮ ಹಳ್ಳಿ ಬಂಗಾರಪೇಟೆಯಿಂದ ರಾಬರ್ಟ್‌ಸನ್‌ಪೇಟೆಗೆ ಹೋಗುವ ರಸ್ತೆಯ ಮೇಲಿದೆ. ಮನೆಗಳೆಲ್ಲ ರಸ್ತೆಯ ಈ ಕಡೆ. ಹೊಲ, ಸೀನೀರಿನ ಬಾವಿ, ದನ ಮೇಯುವ ಬಯಲು ಎಲ್ಲ ಆ ಕಡೆ. ಮೊನ್ನೆ ಮೊನ್ನೆಯವರೆಗೂ ಇದೊಂದು ಸಮಸ್ಯೆ ಅಂತ ಯಾರಿಗೂ ಹೊಳೆದಿರಲಿಲ್ಲ. ಬರುತ್ತಿದ್ದದ್ದು ನಾಲ್ಕು ಬಸ್ಸು. ಅವೂ ದನ ಕಂಡರೆ ತಾವೇ ನಿಲ್ಲುತ್ತಿದ್ದವು.

ಈಗ ಊರಾಚೆ ಹೊಸ ಕಾರ್ಖಾನೆಯವರಿಗೆ ದೊಡ್ಡ ಕಾಲೋನಿ ಏಳುತ್ತಿದೆ. ಸಾಲು ಸಾಲು ಮನೆ. ಮನೆಗೊಂದು ನಲ್ಲಿ, ಕರೆಂಟು. ಬಹಳ ಸಂತೋಷ. ಆದರೆ ಅದಕ್ಕೆ ಬೇಕಾದ ಸಿಮೆಂಟು, ಕಬ್ಬಿಣ ಎಲ್ಲ ಇಳಿಯುವುದು ಬಂಗಾರಪೇಟೆ ಸ್ಟೇಷನ್ನಿನಲ್ಲಿ. ಅಲ್ಲಿಂದ ಹೋಗಲು ನಮ್ಮ ರಸ್ತೆಯೇ ಗತಿ (ಎರಡು ಎತ್ತಿನ ಗಾಡಿ ಎದುರಾದರೆ ಒಂದು ಚರಂಡಿಗೆ ಇಳಿಯಬೇಕು, ಅಂಥ ರಸ್ತೆ). ಬೆಳಗಾದರೆ ಲಾರಿ. ಅದರ ಧೂಳಿನಲ್ಲಿ ಇನ್ನೊಂದು ಲಾರಿ.

ಊರವರು ಸೇರಿ ಕಾಲೋನಿ ಕಟ್ಟಿಸುವ ಎಂಜಿನಿಯರರಿಗೆ ಪೆಟಿಷನ್ ಕೊಟ್ಟರು. ಬರೆದವನು ನಾನು. "ಲಾರಿಗಳು ಹಾರನ್ ಕೂಡ ಹೊಡೆಯದೆ ನುಗ್ಗುತ್ತವೆ" ಎಂಬ ಸಾಲು ಸೇರಿಸಿದವನೂ ನಾನೇ. (ಪೆಟಿಷನ್ನಿಗೆ ಸ್ವಲ್ಪ ಖಾರ ಬೇಡವೇ?)

ನನಗೆ ಮನೆ ಬಾಡಿಗೆಗೆ ಕೊಟ್ಟಿರುವವನು ಮುನಿಯಪ್ಪ. ವಯಸ್ಸಿನಲ್ಲಿ ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಗೆ ಇಳಿದಿದ್ದ. ಒಳಗೆ ಸಿಡಿಮದ್ದಿನ ಸದ್ದು ಎರಡು ಕಿವಿಯನ್ನೂ ತಿಂದಿತು. ವಾಪಸು ಬಂದು ಜೋಡಿ ಎತ್ತು ಕಟ್ಟಿದ. ಅವನ ಹತ್ತಿರ ಮಾತಾಡಬೇಕಾದರೆ ಮೊದಲು ಭುಜ ಮುಟ್ಟಬೇಕು. ಲಾರಿಗಳು ಶುರುವಾದ ಮೇಲೆ ಹೆಂಡತಿ ನಂಜಮ್ಮ ದಿನವೂ ರಸ್ತೆಯವರೆಗೆ ಬಂದು, ಎರಡೂ ಕಡೆ ನೋಡಿ, ಬೆನ್ನು ತಟ್ಟುತ್ತಿದ್ದಳು. ಆಮೇಲೆ ಅವನು ಎತ್ತು ಹೊಡೆದುಕೊಂಡು ದಾಟುತ್ತಿದ್ದ.

ಆ ಮಂಗಳವಾರ ನಂಜಮ್ಮನಿಗೆ ಜ್ವರ.

ನಾನು ಶಾಲೆಗೆಂದು ಸೈಕಲ್ ಹತ್ತುತ್ತಿದ್ದೆ. ಮುನಿಯಪ್ಪ ಒಂದು ಕಡೆ ನೋಡಿದ, ಎತ್ತುಗಳ ಜೊತೆ ರಸ್ತೆಗೆ ಇಳಿದ. ಇನ್ನೊಂದು ಕಡೆಯ ತಿರುವಿನಿಂದ ಲಾರಿ ಬಂತು. ಡ್ರೈವರ್ ಹಾರನ್ ಹೊಡೆದ. ಒಂದು ಸಲ ಅಲ್ಲ, ಕೈ ತೆಗೆಯದೆ ಹೊಡೆದ. ನಾನೂ ಕೂಗಿದೆ. ಕೂಗಿ ಏನು ಪ್ರಯೋಜನ? ಲಾರಿ ಪಕ್ಕಕ್ಕೆ ಹೊರಳಿ ಚರಂಡಿಗೆ ಬಿತ್ತು. ಹೊರಳುವಾಗ ಬಲಗಡೆಯ ಎತ್ತಿಗೆ ತಗುಲಿ ಅದರ ಮುಂಗಾಲು ಮುರಿಯಿತು. ಮುನಿಯಪ್ಪನಿಗೆ ಒಂದು ಗೀರೂ ಇಲ್ಲ. ಹಗ್ಗ ಹಿಡಿದು, ಇದನ್ನು ಯಾರು ಎಳೆದರು ಎಂಬಂತೆ ಹಿಂದೆ ತಿರುಗಿ ನೋಡಿದ.

ಜನ ಡ್ರೈವರನನ್ನು ಎಳೆದು ನಿಲ್ಲಿಸಿದರು. ಮಾರಿಕುಪ್ಪಂನವನು, ಮೀಸೆ ನರೆತ ಮನುಷ್ಯ. ತುಟಿ ಒಡೆದು ರಕ್ತ. "ಆರನ್ ಅಡಿಚ್ಚೇನ್ ಸಾಮಿ, ಸತ್ಯಮಾ ಅಡಿಚ್ಚೇನ್," ಸತ್ಯವಾಗಿಯೂ ಹೊಡೆದೆ ಎಂದು ತಮಿಳಿನಲ್ಲಿ ಹೇಳುತ್ತ ಎಲ್ಲರಿಗೂ ಕೈ ಮುಗಿಯುತ್ತಿದ್ದ.

ಅಷ್ಟರಲ್ಲಿ ಎಂಜಿನಿಯರರ ಜೀಪು ಬಂತು. ಅವರಿಗೆ ನನ್ನ ಪೆಟಿಷನ್ ನೆನಪಿತ್ತು.

"ಹಾರನ್ ಹೊಡೆದಿಲ್ಲ ಅಂದರೆ ಇವನನ್ನು ಇವತ್ತೇ ಕೆಲಸದಿಂದ ತೆಗೆಸುತ್ತೇನೆ, ಎತ್ತಿಗೂ ಪರಿಹಾರ ಕೊಡಿಸುತ್ತೇನೆ. ಹೊಡೆದಿದ್ದರೆ ತಪ್ಪು ನಿಮ್ಮ ರೈತನದು. ನೀವು ಕಣ್ಣಾರೆ ನೋಡಿದ್ದೀರಿ, ಹೇಳಿ."

ಹಿಂದಿನಿಂದ ಪಕ್ಕದ ಮನೆ ಪಿಳ್ಳಪ್ಪ ಪಿಸುಗುಟ್ಟಿದ. "ಇಲ್ಲ ಅನ್ನಿ ಮೇಷ್ಟ್ರೇ. ಒಂದ್ ಮಾತು. ನಿಮ್ ಗಂಟೇನ್ ಓಯ್ತದೆ?"

ಮುನಿಯಪ್ಪ ಎತ್ತಿನ ಕುತ್ತಿಗೆ ಸವರುತ್ತ ನೆಲದ ಮೇಲೆ ಕೂತಿದ್ದ. "ಏನಂತವ್ರೆ? ಏನಂತವ್ರೆ?" ಎಂದು ಎಲ್ಲರ ಮುಖ ನೋಡಿ ಕೇಳುತ್ತಿದ್ದ. ಯಾರೂ ಅವನ ಭುಜ ಮುಟ್ಟಲಿಲ್ಲ.

"ಹೊಡೆದ," ಅಂದೆ.

ಪಿಳ್ಳಪ್ಪ ಉಗಿದ.

"ಆದರೆ ಇವನಿಗೆ ಕಿವಿ ಕೇಳುವುದಿಲ್ಲ ಸಾರ್. ಎತ್ತಿಗೆ ಹಾರನ್ ಅರ್ಥವಾಗುವುದಿಲ್ಲ. ತಲೆ ಮೇಲೆ ಕೊಡ ಹೊತ್ತವಳು ಕತ್ತು ತಿರುಗಿಸಲಾರಳು. ಕೇಳಿಸಿಕೊಂಡು ಓಡುವವರು ಮಾತ್ರ ಬದುಕಬೇಕು ಅಂದರೆ ಅದು ರಸ್ತೆಯೇ?"

ಸಾಹೇಬರು ಜೀಪಿನ ಬಾನೆಟ್ ಮೇಲೆ ಪ್ಲಾನ್ ಬಿಚ್ಚಿದರು. ಸ್ಟೇಷನ್ ಇತ್ತು. ಕಾಲೋನಿ ಇತ್ತು. ನಡುವೆ ಒಂದು ನೀಲಿ ಗೆರೆ. ನಮ್ಮೂರು? ಇರಲಿಲ್ಲ! (ದಿನಕ್ಕೆ ಎರಡು ಸಲ ಅವರು ಇದರೊಳಗಿಂದಲೇ ಹೋಗುತ್ತಾರೆ.) ನಾನು ಬೆರಳಿಟ್ಟು ತೋರಿಸಿದೆ. ಅವರು ಪೆನ್ಸಿಲ್ಲಿನಲ್ಲಿ ಒಂದು ಸೊನ್ನೆ ಬರೆದರು.

ಡ್ರೈವರನ ಕೆಲಸ ಉಳಿಯಿತು. ಮುನಿಯಪ್ಪನಿಗೆ ಪರಿಹಾರ ಸಿಗಲಿಲ್ಲ. ಊರು ಸುತ್ತಿಕೊಂಡು ಹೋಗುವ ಬೇರೆ ರಸ್ತೆ ಕೇಳಿದ್ದಕ್ಕೆ, ಅದಕ್ಕೆ ಜಮೀನು ಬೇಕು, ಬೆಂಗಳೂರಿಂದ ಮಂಜೂರಾಗಬೇಕು, ನೋಡೋಣ ಎಂದರು. ಬದಲಿಗೆ ಒಂದು ಕೋಲು, ಒಂದು ಕೆಂಪು ಬಟ್ಟೆ ಕಳಿಸಿದರು. ಊರವರೇ ಯಾರಾದರೂ ನಿಂತು ಲಾರಿ ತಡೆಯಬಹುದಂತೆ.

ಪಿಳ್ಳಪ್ಪ ಈಗಲೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ನಾನು ಹೇಳಿದ ನಿಜಕ್ಕೆ ತೆತ್ತವನು ನಾನಲ್ಲವಲ್ಲ? ಜ್ವರ ಬಿಟ್ಟ ಮೇಲೆ ನಂಜಮ್ಮ ಮಾತ್ರ ಬಂದು, "ಆ ಡ್ರೈವರಪ್ಪನೂ ಮಕ್ಳೊಂದಿಗ ಬುಡಿ ಸಾಮಿ," ಅಂದಳು. ಅಂದವಳೇ ಕೆಂಪು ಬಟ್ಟೆ ಎತ್ತಿಕೊಂಡು ಹೋದಳು.

ದಿನಾ ಬೆಳಿಗ್ಗೆ ಅವಳೇ ನಿಲ್ಲುತ್ತಾಳೆ. ಲಾರಿಗಳೂ ನಿಲ್ಲುತ್ತವೆ. ಉಳಿದ ಒಂಟಿ ಎತ್ತಿನೊಂದಿಗೆ ಮುನಿಯಪ್ಪ ದಾಟುತ್ತಾನೆ, ಅವಳ ಕೈಯನ್ನೇ ನೋಡುತ್ತ.

ಆದರೂ ನನಗೆ ಸಮಾಧಾನವಿಲ್ಲ. ಪಾಠ ಹೇಳುವಾಗಲೂ ಮನಸ್ಸು ರಸ್ತೆಯಲ್ಲೇ. ಲಾರಿಗಳಾದರೆ ಒಂದು ದಿನ ಮುಗಿಯುತ್ತವೆ. ಆಮೇಲೆ ಆ ಮನೆಗಳಿಗೆಲ್ಲ ಜನ ಬರುತ್ತಾರೆ. ಬಸ್ಸು, ಸ್ಕೂಟರು, ಬೆಂಗಳೂರು ರೈಲು ಹಿಡಿಯುವ ಆತುರ. ಒಬ್ಬ ಹೆಂಗಸಿನ ಕೈಯ ಬಟ್ಟೆಗೆ ಎಷ್ಟು ಜನ ನಿಲ್ಲುತ್ತಾರೆ?

ಇನ್ನೊಂದು ವಿಷಯ ಮುಚ್ಚಿಟ್ಟರೆ ತಪ್ಪಾದೀತು. ಕಾಲೋನಿಯಲ್ಲಿ ಮಿಕ್ಕ ಮನೆಗಳನ್ನು ನಮ್ಮಂಥ ಮೇಷ್ಟರುಗಳಿಗೂ ಬಾಡಿಗೆಗೆ ಕೊಡುತ್ತಾರಂತೆ. ಆ ಲಾರಿಗಳ ನಡುವೆ ನೀರು ಹೊತ್ತು ಹೊತ್ತು ನನ್ನ ಹೆಂಡತಿಗೂ ಸಾಕಾಗಿದೆ. ಹೋದ ಶುಕ್ರವಾರ ನಾನೂ ಒಂದು ಅರ್ಜಿ ಹಾಕಿ ಬಂದೆ.

ಮನೆ ಸಿಕ್ಕರೆ ದಿನಾ ಬೆಳಿಗ್ಗೆ ಕಾಲೋನಿಯ ಬಸ್ಸಿನಲ್ಲಿ ಇದೇ ದಾರಿಯಾಗಿ ಶಾಲೆಗೆ ಬರಬೇಕು. ಯಾವ ಕಡೆಯ ಕಿಟಕಿಯಲ್ಲಿ ಕೂತರೆ ನಂಜಮ್ಮನ ಮುಖ ಕಾಣುವುದಿಲ್ಲ, ನೀವೇ ಹೇಳಿ?