ಮದ್ದು ಹಾಕಿದವಳು ನೀನಲ್ಲ, ಅತ್ತಿಗೆ

ಅತ್ತಿಗೆ, ಅಣ್ಣನಿಗೆ ನೀನು ಮದ್ದು ಹಾಕಿರಲಿಲ್ಲ. ಅದು ನನಗೆ ಗೊತ್ತಿತ್ತು — ಊರೆಲ್ಲ ನಿನ್ನತ್ತ ಬೆರಳು ತೋರಿಸುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ಎಂಬತ್ತರ ದಶಕದ ಮಾತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಅಣ್ಣನ ಲಿವರಿನಿಂದ ಕ್ಯಾನ್ಸರ್ ಗಡ್ಡೆ ತೆಗೆದಾಗ, ಮಧುಗಿರಿಯಲ್ಲಿ ಪಿಯುಸಿ ಓದಿದವನೆಂದು ಡಾಕ್ಟರ ಕೋಣೆಯೊಳಗೆ ಹೋದವನು ನಾನೊಬ್ಬನೇ. ನೀನು ಬಾಗಿಲ ಹೊರಗೆ ನಿಂತಿದ್ದೆ. ಅವರು ತಿಳಿಯಾದ ಕನ್ನಡದಲ್ಲಿ ಬಿಡಿಸಿ ಹೇಳಿದರು. ಗಡ್ಡೆ ಹೋಗಿದೆ, ಅದನ್ನು ಬೆಳೆಸಿದ ಕಾಮಾಲೆಯ ವೈರಸ್ ಹೋಗಿಲ್ಲ. ಉಳಿದ ಲಿವರನ್ನೂ ಅದು ವರ್ಷಗಳಿಂದ ಕೆಡಿಸಿ ಗಟ್ಟಿ ಮಾಡಿದೆ. ಚೇತರಿಕೆ ನಿಧಾನ, ಗಡ್ಡೆ ಮತ್ತೆ ಹುಟ್ಟಬಹುದು — ತಪ್ಪದೆ ಕರೆತಂದು ತೋರಿಸುತ್ತಿರಿ. ಹೊಟ್ಟೆ ಊದಿ ಸತ್ತ ನಿಮ್ಮ ತಾಯಿಯಿಂದ, ಹುಟ್ಟುವಾಗಲೇ ಬಂದಿರಬಹುದು. ತಮ್ಮನಾದ ನೀನೂ ರಕ್ತ ಪರೀಕ್ಷೆ ಮಾಡಿಸಿಕೋ.

ಆ ಕೊನೆಯ ಮಾತು! ಬಡವನಹಳ್ಳಿಯಲ್ಲಿ ನನಗೆ ಹೆಣ್ಣು ಗೊತ್ತಾಗಿತ್ತು. ರಕ್ತದಲ್ಲೇ ರೋಗವಿರುವ ಮನೆಗೆ ಯಾರು ಹೆಣ್ಣು ಕೊಡುತ್ತಾರೆ — ನನ್ನ ತಲೆಯಲ್ಲಿ ಓಡಿದ್ದು ಅದೊಂದೇ. ಹೊರಗೆ ಬಂದಾಗ ನೀನು ಕೇಳಿದೆ.

"ಏನಂದ್ರಪ್ಪಾ ಡಾಕ್ಟ್ರು?"

"ಎಲ್ಲಾ ತೆಗೆದ್ಬುಟ್ಟವ್ರಂತೆ ಕಣಮ್ಮ. ಇನ್ನೇನೂ ಭಯ ಇಲ್ವಂತೆ."

ಮುಂದಿನ ಬೇಸಿಗೆಗೆ ಅಣ್ಣನ ಹೊಟ್ಟೆ ಊದಿತು. ಎಲ್ಲಾ ತೆಗೆದ ಮೇಲೆ ಮತ್ತೆ ಬಂದದ್ದು ಹೇಗೆ ಎಂದು ಎಲ್ಲರೂ ಕೇಳುವವರೇ. ದೊಡ್ಡಪ್ಪ ಉತ್ತರ ಕೊಟ್ಟ. "ಇದು ಮದ್ದು ಕಣ್ಲಾ. ಇವ್ಳೇ ಅನ್ನದಾಗೆ ಹಾಕವ್ಳೆ." ತಾನು ಅರೆಹೊಟ್ಟೆಯಲ್ಲಿದ್ದು ಗಂಡನಿಗೆ ಗಂಜಿ ಕುಡಿಸಿದವಳ ಮೇಲೆ ಈ ಮಾತು! ಆ ನಾಲಗೆಗೆ ಹುಳ ಬೀಳಲಿ ಎಂದು ಇವತ್ತಿಗೂ ಅನ್ನಿಸುತ್ತದೆ. ಆದರೆ ಅವನಿಗೆ ನಿಜ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಆ ಸಂಜೆ ನೀನು ಮುದ್ದೆ ತಂದಿಟ್ಟಾಗ ಎಲ್ಲರೂ ನನ್ನ ಮುಖ ನೋಡಿದರು. ನಾನು ತಟ್ಟೆ ಸರಿಸಿ ಎದ್ದೆ.

ಆಸ್ಪತ್ರೆಗೆ ಹೋಗಬೇಕಾದವನನ್ನು ಮದ್ದು ಕಕ್ಕಿಸುವವನ ಬಳಿಗೆ ಒಯ್ದರು. ಗಾಡಿ ಹೊಡೆದವನು ನಾನೇ. ಅದೆಂಥದೋ ಸೊಪ್ಪಿನ ರಸ ಕುಡಿಸಿದರು, ಅಣ್ಣ ರಕ್ತ ಕಕ್ಕಿದ. "ಬಂತು ನೋಡ್ರಪ್ಪೋ ಮದ್ದು," ಅಂದ ಆ ಮಹಾನುಭಾವ. ವಾಪಸು ಬರುವ ದಾರಿಯಲ್ಲಿ, ಗಾಡಿಯಲ್ಲೇ ಅಣ್ಣನ ಉಸಿರು ನಿಂತಿತು.

ನಿನ್ನನ್ನು ಕೊಡಿಗೇನಹಳ್ಳಿಯ ತವರಿಗೆ ಅಟ್ಟಿದರು. ಅಲ್ಲೂ ಮದುವೆ ಮನೆಗಳಲ್ಲಿ ನಿನ್ನನ್ನು ಒಲೆಯ ಹತ್ತಿರ ಬಿಡುವುದಿಲ್ಲವಂತೆ. ನನ್ನ ಮದುವೆ ಮಾತ್ರ ಸಾಂಗವಾಗಿ ನಡೆಯಿತು.

ಈಗ ನನ್ನ ಹೊಟ್ಟೆ ಊದಿದೆ. ರಕ್ತದಲ್ಲಿ ಅದೇ ವೈರಸ್. ಮೊನ್ನೆ ನೋಡಲು ಬಂದ ದೊಡ್ಡಪ್ಪನ ಮಗ ನನ್ನ ಹೆಂಡತಿಯ ಕಡೆ ಓರೆಗಣ್ಣು ಬಿಟ್ಟು, "ಇದೂ ಮದ್ದೇ ಇರ್ಬೇಕು" ಅಂದ. ಮೈಯೆಲ್ಲ ಉರಿದುಹೋಯಿತು. "ಬಾಯ್ಮುಚ್ಚಲೇ! ಇದು ನಮ್ಮವ್ವನಿಂದ ಬಂದ ಕಾಯಿಲೆ, ಅಣ್ಣಂಗೂ ಇದೇ ಆಗಿದ್ದು," ಎಂದು ಕೂಗಿದೆ. ಅವನು ತಲೆ ತಗ್ಗಿಸಿ, ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿದು ಹೋದ.

ಒಂದೇ ಮಾತು, ಅತ್ತಿಗೆ. ಅಷ್ಟೇ ಸಾಕಾಯಿತು. ಅವತ್ತು ನಿನಗೂ ಅಷ್ಟೇ ಸಾಕಿತ್ತು.