ಚಾರ್ಜ್ ತೆಗೆದುಕೊಳ್ಳಲು ಯಾರೂ ಬಾರದ ಮೂರು ದಿನ

ಆಸ್ಪತ್ರೆಯಲ್ಲಿ ಅವರನ್ನು ಎಲ್ಲರೂ ಗಡಿಯಾರ ಸಿಸ್ಟರ್ ಎನ್ನುತ್ತಿದ್ದರು. ಎಂಟು ಗಂಟೆಯ ಇಂಜೆಕ್ಷನ್ ಎಂಟೂ ಐದಕ್ಕೆ ಕೊಟ್ಟರೆ ಆ ಐದು ನಿಮಿಷಕ್ಕೂ ಪುಸ್ತಕದಲ್ಲಿ ಕಾರಣ ಬರೆಯುವ ಹೆಂಗಸು. ಮೂವತ್ತೆಂಟು ವರ್ಷ ಒಂದೇ ಆಸ್ಪತ್ರೆಯಲ್ಲಿ ದುಡಿದು, ಅರವತ್ತಕ್ಕೆ ನಿವೃತ್ತರಾಗಿ, ಮನೆಯಲ್ಲಿ ಮೊಮ್ಮಗಳ ಜಡೆ ಹೆಣೆದುಕೊಂಡಿದ್ದರು. ನರ್ಸುಗಳ ಪರಿಷತ್ತಿನಲ್ಲಿದ್ದ ತಮ್ಮ ನೋಂದಣಿಯನ್ನು ಆಮೇಲೆ ಹೊಸದು ಮಾಡಿಸಿರಲಿಲ್ಲ. ಇನ್ನು ಅದನ್ನು ಕಟ್ಟಿಕೊಂಡು ಏನು ಮಾಡಲಿ ಎಂದು ಸುಮ್ಮನಿದ್ದರು.

ಅಷ್ಟರಲ್ಲಿ ಆ ಜ್ವರ ಬಂತು. ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಒಂದು ಬೆಳಿಗ್ಗೆ ಆಸ್ಪತ್ರೆಯ ಮ್ಯಾನೇಜರ್ ತಾನಾಗಿಯೇ ಫೋನ್ ಮಾಡಿದ. ಸರ್ಕಾರ ಕಾನೂನು ಸಡಿಲ ಮಾಡಿದೆ, ನೋಂದಣಿ ಮುಗಿದವರೂ ಆರು ತಿಂಗಳು ಕೆಲಸ ಮಾಡಬಹುದಂತೆ, ಕಾಗದಪತ್ರ ಏನೂ ಬೇಡ, ನೀವೊಬ್ಬರು ಬಂದರೆ ಸಾಕು ಎಂದು ಗೋಗರೆದ. ಸೊಸೆ ಅಡ್ಡ ನಿಂತಳು. ಈ ವಯಸ್ಸಲ್ಲಿ ಯಾಕತ್ತೆ, ಅವರಿಗೆ ಬೇರೆ ಯಾರೂ ಸಿಗಲಿಲ್ವಾ ಎಂದು ಕೇಳಿದಳು. ಸಿಗದಿದ್ದಕ್ಕೇ ನನ್ನನ್ನ ಕರೀತಿರೋದು ಎಂದು ಅತ್ತೆ ಬ್ಯಾಗು ಎತ್ತಿಕೊಂಡರು.

ವಾರ್ಡಿನಲ್ಲಿ ಮೈತುಂಬ ಪ್ಲಾಸ್ಟಿಕ್ ನಿಲುವಂಗಿ. ಕೈಗವಸು ಬಿಚ್ಚಿದರೆ ಬೆವರು ನೀರಿನಂತೆ ಸುರಿಯುತ್ತಿತ್ತು. ಯಾರು ಯಾರೆಂದು ಗೊತ್ತಾಗಲಿ ಎಂದು ಬೆನ್ನ ಮೇಲೆ ದಪ್ಪ ಪೆನ್ನಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರು. ಆದರೂ ಹಳೇ ಕಟ್ಟಳೆಯನ್ನು ಸಿಸ್ಟರ್ ಬಿಡಲಿಲ್ಲ. ಪಾಳಿ ಮುಗಿದ ನರ್ಸು ಹಾಗೇ ಎದ್ದು ಹೋಗುವಂತಿಲ್ಲ. ಮುಂದಿನವಳು ಬರಬೇಕು, ಇಬ್ಬರೂ ಹಾಸಿಗೆ ಹಾಸಿಗೆಗೆ ಹೋಗಿ ಇವರಿಗೆ ಇದು ಕೊಟ್ಟಾಗಿದೆ, ಇವರಿಗೆ ಇದು ಬಾಕಿ ಎಂದು ಹೇಳಿ ಕೇಳಿ ಆಗಬೇಕು. ಅದಕ್ಕೆ ಚಾರ್ಜ್ ಕೊಡುವುದು ಎನ್ನುತ್ತಾರೆ. ಚಾರ್ಜ್ ಕೊಡದೆ ವಾರ್ಡು ಬಿಟ್ಟರೆ ರೋಗಿಗಳನ್ನು ಬೀದಿಗೆ ಬಿಟ್ಟಂತೆ.

ಸಡಿಲ ಮಾಡಿದ ಕಾನೂನಿನ ಆರು ತಿಂಗಳು ಒಂದು ತಿಂಗಳ ಕೊನೆಯ ತಾರೀಖಿಗೆ ಮುಗಿಯಿತು. ಅದನ್ನು ಮುಂದುವರಿಸುವ ಆದೇಶ ಹೊರಟಿದ್ದು ಮುಂದಿನ ತಿಂಗಳು ನಾಲ್ಕಕ್ಕೆ. ನಡುವೆ ಮೂರು ದಿನದ ಕಂದರ. ಒಂದನೇ ತಾರೀಖಿನಿಂದಲೇ ಜಾರಿ ಎಂದು ಒಂದು ಸಾಲು ಬರೆಯಲು ದೊಡ್ಡ ಕಚೇರಿಯ ಒಬ್ಬರಿಗೂ ಹೊಳೆಯಲಿಲ್ಲ. ಎಲ್ಲರ ಹೊತ್ತು ನೋಡುತ್ತಿದ್ದ ಗಡಿಯಾರ ಸಿಸ್ಟರ್ ಕಾನೂನಿನ ಹೊತ್ತು ನೋಡಲಿಲ್ಲ, ಅದೇ ಅವರ ತಪ್ಪು. ನೋಡಲು ಪುರಸೊತ್ತಾದರೂ ಎಲ್ಲಿತ್ತು? ಜೊತೆಯ ನರ್ಸುಗಳೆಲ್ಲ ಜ್ವರ ಬಂದು ಮಲಗಿದ್ದರು. ಆ ಮೂರು ದಿನ ಚಾರ್ಜ್ ತೆಗೆದುಕೊಳ್ಳಲು ನರಪಿಳ್ಳೆಯೂ ಬರಲಿಲ್ಲ. ಬಟ್ಟೆ ಕೋಣೆಯ ಬೆಂಚಿನ ಮೇಲೆ ಗಳಿಗೆ ಒರಗಿ ಗಳಿಗೆ ಎದ್ದು, ಹನ್ನೊಂದು ಜನರನ್ನು ಒಬ್ಬರೇ ನೋಡಿಕೊಂಡರು. ಹನ್ನೊಂದು ಜನರೂ ಉಳಿದರು. ಮ್ಯಾನೇಜರ್ ಒಮ್ಮೆ ಗಾಜಿನ ಬಾಗಿಲಿನಾಚೆಯಿಂದ ಕೈ ಬೀಸಿ ಹೋಗಿದ್ದ.

ಜ್ವರ ಇಳಿದ ಮೇಲೆ ಸಭೆ ಮಾಡಿ ಹೂಗುಚ್ಛ ಕೊಟ್ಟರು. ಪರಿಷತ್ತು ತಾನೇ ಅವರ ನೋಂದಣಿಯನ್ನು ಹೊಸದು ಮಾಡಿ, ಹಳೇ ನಂಬರಿನಲ್ಲೇ ಪಟ್ಟಿಗೆ ಹೆಸರು ಸೇರಿಸಿತು. ಸಿಸ್ಟರ್ ಹೂವನ್ನು ಅಲ್ಲೇ ಬಿಟ್ಟು ಬಂದರು. ಪ್ರಮಾಣಪತ್ರವನ್ನು ಮಾತ್ರ ಎದೆಗವುಚಿಕೊಂಡು ತಂದರು.

ಎರಡು ವರ್ಷದ ಮೇಲೆ ಆಸ್ಪತ್ರೆಯ ಹಳೇ ಪುಸ್ತಕಗಳ ತಪಾಸಣೆ ನಡೆಯಿತು. ಆ ಮೂರು ದಿನದ ಔಷಧಿ ಪುಸ್ತಕದ ತುಂಬ ಇವರದೇ ಸಹಿ. ನೋಂದಣಿ ಇಲ್ಲದೆ ಚಿಕಿತ್ಸೆ ಕೊಟ್ಟಿದ್ದಾರೆ, ಬಂದು ಉತ್ತರ ಹೇಳಿ ಎಂದು ಪರಿಷತ್ತಿನಿಂದ ನೋಟಿಸು ಬಂತು. ಹಿಂದೆಯೇ ಮ್ಯಾನೇಜರ್ ಒಂದು ಟೈಪು ಮಾಡಿದ ಹಾಳೆ ಹಿಡಿದು ಮನೆಗೆ ಬಂದ. ನನ್ನ ನೋಂದಣಿ ಮುಗಿದಿದ್ದನ್ನು ನಾನು ಆಸ್ಪತ್ರೆಗೆ ತಿಳಿಸಿರಲಿಲ್ಲ ಎಂದು ಸಿಸ್ಟರೇ ಹೇಳಿದಂತೆ ಅದರಲ್ಲಿತ್ತು.

ಜ್ವರದ ಕಾಲದಲ್ಲಿ ಆದದ್ದಕ್ಕೆ ಆಸ್ಪತ್ರೆಗಳ ಮೇಲೆ, ಡಾಕ್ಟರುಗಳ ಮೇಲೆ ಕೇಸು ಹಾಕುವಂತಿಲ್ಲ ಎಂದು ಇನ್ನೊಂದು ಕಾನೂನು ಬಂದಿತ್ತು. ಆದರೆ ಗೊತ್ತಿದ್ದೂ ನೋಂದಣಿ ಇಲ್ಲದವರನ್ನು ಇಟ್ಟುಕೊಂಡ ಆಸ್ಪತ್ರೆಗೆ ಆ ರಕ್ಷಣೆ ಸಿಗದು. ಆಸ್ಪತ್ರೆಗೆ ಗೊತ್ತಿರಲಿಲ್ಲ ಎನ್ನಿಸಲು ಇವರ ಸಹಿ ಬೇಕಿತ್ತು. ಸಹಿ ಹಾಕಿದರೆ ಎಚ್ಚರಿಕೆ ಕೊಟ್ಟು ಬಿಟ್ಟುಬಿಡುತ್ತಾರೆ, ನಿಮ್ಮ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ, ನಾನು ಎಲ್ಲ ಮಾತಾಡಿದ್ದೇನೆ ಎಂದು ಮ್ಯಾನೇಜರ್ ಬೆಣ್ಣೆ ಹಚ್ಚಿದ. ಹಾಕದಿದ್ದರೆ ಹೆಸರು ಹೋದ ಹಾಗೇ.

ಸಿಸ್ಟರಿಗೆ ಮೈಯೆಲ್ಲ ಉರಿದುಹೋಯಿತು.

"ಫೋನ್ ಮಾಡಿ ಕರೆದವನು ನೀನೇ ಅಲ್ವೇನಯ್ಯಾ? ಕಾಗದ ಬೇಡ ಅಂದವನೂ ನೀನೇ. ಈಗ ನಾನು ಬಚ್ಚಿಟ್ಟೆ ಅಂತ ಬರ್ಕೊಡ್ಬೇಕಾ?"

"ಎಲ್ರಿಗೂ ಒಳ್ಳೇದಾಗ್ಲಿ ಅಂತ, ಅಮ್ಮಾ..."

"ಎಲ್ರಿಗೂ ಅಂದ್ರೆ ನಿಂಗೆ."

ಅವನು ಹೋದ ಮೇಲೆ ಸೊಸೆ ಹತ್ತಿರ ಬಂದು ಕೂತಳು. ಹಾಕಿಬಿಡಿ ಅತ್ತೆ, ಒಂದು ಸಹಿ ತಾನೇ, ನಿಮ್ಮ ಹೆಸರು ಹೋದರೆ ನೀವು ಊಟ ಬಿಡ್ತೀರಿ, ನಂಗೊತ್ತು ಎಂದಳು. ಅವಳು ಹೇಳಿದ್ದೂ ಸುಳ್ಳಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅಪ್ಪನ ಕಣ್ಣು ತಪ್ಪಿಸಿ ಪರೀಕ್ಷೆ ಬರೆದು, ನರ್ಸಿಂಗ್ ಸೇರಿ, ಓದಿ ಸಂಪಾದಿಸಿದ ನಂಬರು ಅದು.

ವಿಚಾರಣೆಯ ದಿನ ಉದ್ದನೆಯ ಮೇಜಿನಾಚೆ ಮೂರು ಜನ. ನಡುವೆ ಕೂತ ಅಧ್ಯಕ್ಷರು ಒಳ್ಳೆಯ ಮಾತಿನಲ್ಲೇ ಕೇಳಿದರು: ಒಂದನೇ ತಾರೀಖು ಬೆಳಿಗ್ಗೆ ನೀವು ಮನೆಗೆ ಹೋಗಬೇಕಿತ್ತಲ್ಲವೇ?

"ಹೋಗ್ತಿದ್ದೆ ಸಾರ್. ಚಾರ್ಜ್ ಯಾರಿಗೆ ಕೊಡ್ಬೇಕಿತ್ತು, ಹೇಳಿ."

ಅವರು ಕಾನೂನಿನ ಪುಸ್ತಕದ ಹಾಳೆ ತಿರುವಿದರು. ಕಾನೂನು ಅಂದರೆ ಕಾನೂನು, ಅನಧಿಕೃತ ಚಿಕಿತ್ಸೆ ಎಂದೇ ಬರೆಯಬೇಕಾಗುತ್ತದೆ, ಇಲ್ಲವಾದರೆ ಆಸ್ಪತ್ರೆ ಕೊಟ್ಟ ಈ ಹಾಳೆಗೆ ಸಹಿ ಮಾಡಿ ಎಂದು ಮುಂದೆ ತಳ್ಳಿದರು.

ಸಿಸ್ಟರ್ ಪೆನ್ನು ತೆಗೆದು, ಟೈಪಾದ ಸಾಲಿನ ಮೇಲೆ ಉದ್ದಕ್ಕೂ ಗೀಟು ಎಳೆದರು. ಕೆಳಗೆ ದುಂಡು ಅಕ್ಷರದಲ್ಲಿ, ಆಸ್ಪತ್ರೆಯೇ ಕರೆದಿತ್ತು, ಎಲ್ಲ ಗೊತ್ತಿತ್ತು, ಮೂರು ದಿನ ನಾನೇ ಇಂಜೆಕ್ಷನ್ ಕೊಟ್ಟೆ ಎಂದು ಬರೆದು, ತಾರೀಖು ಗಂಟೆ ಸಮೇತ ಸಹಿ ಮಾಡಿದರು.

"ಅನಧಿಕೃತ ಅಂತ ಬರ್ಕೊಳ್ಳಿ ಸಾರ್. ಆ ಹನ್ನೊಂದು ಜನರ ಹೆಸರೂ ಕೆಳಗೆ ಬರೀರಿ. ಅವರೆಲ್ಲ ಅನಧಿಕೃತವಾಗಿ ಬದುಕಿದೋರು ಅಂತ."

ಗೋಡೆ ಪಕ್ಕ ಕೂತಿದ್ದ ಮ್ಯಾನೇಜರ್ ಕರವಸ್ತ್ರ ಹುಡುಕುತ್ತಿದ್ದ.

ಒಂಬತ್ತನೇ ದಿನ ಆದೇಶ ಬಂತು. ಪಟ್ಟಿಯಿಂದ ಹೆಸರು ತೆಗೆದಿದ್ದರು. ಸೊಸೆ ಓದುತ್ತ ಅಳಲು ಶುರುಮಾಡಿದಳು. ಆಸ್ಪತ್ರೆಗೆ ಮೊದಲೇ ಗೊತ್ತಿತ್ತು, ಅವರ ಮೇಲೂ ಕ್ರಮ ಕೈಗೊಳ್ಳತಕ್ಕದ್ದು ಎಂಬ ಸಾಲು ಬಂದಾಗ ಸಿಸ್ಟರ್ ಅದನ್ನು ಇನ್ನೊಮ್ಮೆ ಓದಿಸಿದರು. ಮೂವತ್ತು ದಿನದೊಳಗೆ ಮೇಲ್ಮನವಿ ಹಾಕಬಹುದು ಎಂದು ಕೊನೆಯಲ್ಲಿತ್ತು.

"ಅಳೋದು ಆಮೇಲೆ. ಹೋಗು, ಬಿಳೀ ಹಾಳೆ ತಗೊಂಬಾ," ಎಂದರು. "ಆ ಮೂರು ದಿನ ಕಾನೂನು ಎಲ್ಲಿಗೆ ಹೋಗಿತ್ತು ಅಂತ ಮೊದಲ್ನೇ ಸಾಲಲ್ಲೇ ಕೇಳ್ತೀನಿ."