ಕಿವಿಯ ರಿಂಗು ಬಿಚ್ಚಿಕೊಟ್ಟ ದಿನ

ಮೊನ್ನೆ ಮಿರಜ ಸ್ಟೇಶನ್ನಿನಲ್ಲಿ ಯಾರೋ ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ಮಾವಶಿ ನೆನಪಾದರು...

ಸಾಂಗಲಿಯ ಒಂದು ಅನಾಥಾಲಯದಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು ಅವರು. ಸಣ್ಣವರು, ದೊಡ್ಡವರು ಎಲ್ಲರೂ ಮರಾಠಿಯಲ್ಲಿ ಚಿಕ್ಕಮ್ಮನಿಗೆ ಅನ್ನುವಂತೆ ಮಾವಶಿ ಎಂದೇ ಕರೆಯುತ್ತಿದ್ದೆವು. ನಾನು ಮಾಧವನಗರದಿಂದ ಶೇರ್ ಆಟೋ ಹಿಡಿದು ಅಲ್ಲಿಗೆ ಹೊಲಿಗೆ ಕಲಿಸಲು ಹೋಗುತ್ತಿದ್ದೆ. ದತ್ತು ಕೇಳಿಕೊಂಡು ಯಾರಾದರೂ ಬರುವ ದಿನ ಬೆಳಗಿನಿಂದಲೇ ಫಿನಾಯಿಲ್ ವಾಸನೆ. ಬಂದವರಿಗೆ ಬೇಕಾದದ್ದು ತೊಟ್ಟಿಲ ಕೂಸು, ಅದೂ ಬೆಳ್ಳಗಿರಬೇಕು. ಬದನೆಕಾಯಿಯಲ್ಲಿ ಹುಳ ಹುಡುಕುವಂತೆ ಮಕ್ಕಳ ಗದ್ದ ಹಿಡಿದು ತಿರುಗಿಸಿ ನೋಡಿದವರನ್ನು ಕಣ್ಣಾರೆ ಕಂಡಿದ್ದೇನೆ.

ಅಲ್ಲೊಬ್ಬಳು ಎಂಟು ವರ್ಷದ ಹುಡುಗಿಯಿದ್ದಳು. ಎಡಗೆನ್ನೆಯ ತುಂಬ ಸುಟ್ಟ ಕಲೆ. ಅವಳನ್ನು ಯಾರೂ ಕೇಳುತ್ತಿರಲಿಲ್ಲ. ಕೊನೆಗೆ ಪೇಟೆಯಲ್ಲಿ ಅಂಗಡಿಯಿದ್ದ, ಮಕ್ಕಳಿಲ್ಲದ ಗಂಡಹೆಂಡತಿ ಒಪ್ಪಿದರು. ಪೇಢೆ ಹಂಚಿದರು, ಫೋಟೊ ತೆಗೆಸಿಕೊಂಡರು, ಹುಡುಗಿಯ ಕಿವಿಗೆ ಬಂಗಾರದ ರಿಂಗು ಹಾಕಿ ಕರೆದೊಯ್ದರು. ಮಾವಶಿ ಖುಷಿಗೆ ಅತ್ತುಬಿಟ್ಟರು.

ಮಳೆಗಾಲ ಮುಗಿಯುವುದರೊಳಗೆ ವಾಪಸು ತಂದರು. ಅಂದು ನಾನು ಅಲ್ಲೇ ಇದ್ದೆ.

“ನಮ್ಮದೇ ಕೂಸು ಬರಾಕತ್ತೈತ್ರಿ,” ಎಂದಳು ಹೆಂಡತಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. “ಬಸುರಿ ಇದ್ದಾಗ ದಿನಾ ಇಂಥಾ ಸುಟ್ಟ ಮಾರಿ ನೋಡಬಾರದಂತ ನಮ್ಮತ್ತಿ ಅಂತಾರ್ರಿ.”

ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ಹೊರಡುವ ಮುನ್ನ ಗಂಡ ಕೆಮ್ಮಿ, “ಕಿವ್ಯಾಗಿನ ರಿಂಗ್ ನಮ್ಮವ್ರೀ...” ಎಂದ.

ಮಾವಶಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನೋವಾಗದಂತೆ ಒಂದೊಂದೇ ರಿಂಗು ಬಿಚ್ಚಿದರು.

“ಮಾವಶಿ, ನಾ ಏನ್ ಚೂಕ ಮಾಡೇನ್ರಿ?” ಎಂದಳು ಹುಡುಗಿ.

“ನಿಂದೇನೂ ತಪ್ಪಿಲ್ಲವ್ವಾ.”

ರಿಂಗುಗಳನ್ನು ಅವನ ಕೈಗೆ ಹಾಕಿ ಮಾವಶಿ ಹೇಳಿದರು: “ಹುಟ್ಟೋ ಕೂಸು ಚಂದ ಇರದಿದ್ರ ಅದನ್ನೂ ಇಲ್ಲೇ ತಂದು ಬಿಡ್ರಿ. ಸಾಕಾಕ ನಾ ಅದೇನಿ.”

ಆತ ರಿಂಗಿನ ತಿರುಪು ಸರಿಯಾಗಿದೆಯೇ ಎಂದು ನೋಡಿ ಜೇಬಿಗಿಳಿಸಿದ. ಇಂದಿಗೂ ಅದನ್ನು ನೆನೆದರೆ ಉಗುಳಬೇಕೆನಿಸುತ್ತದೆ.

ಆಮೇಲೆ ಆ ಹುಡುಗಿಯನ್ನು ಯಾರೂ ಕೇಳಿಕೊಂಡು ಬರಲಿಲ್ಲ. ಹದಿನೆಂಟು ತುಂಬಿ ಅನಾಥಾಲಯ ಬಿಡಬೇಕಾದಾಗ ಮಾವಶಿಯೇ ಬುಧಗಾಂವದಲ್ಲಿದ್ದ ತಮ್ಮದೇ ಒಂದು ಕೋಣೆಯ ಮನೆಗೆ ಕರೆದೊಯ್ದರು. ಇಬ್ಬರೂ ಜಗಳಾಡುತ್ತ, ನಗುತ್ತ, ಚೆನ್ನಾಗಿಯೇ ಇದ್ದರು.

ಮಾವಶಿ ಹೋಗಿ ಈಗ ತಿಂಗಳಾಗುತ್ತ ಬಂತು. ಕಾಯಿಲೆ ಬಿದ್ದಾಗ ಒಮ್ಮೆಯೂ ಮುಖ ತೋರಿಸದ ಅವರ ಅಣ್ಣನ ಮಕ್ಕಳು ಮಣ್ಣಿಗೆ ಬಂದರು. ಮರುದಿನವೇ ಹುಡುಗಿಯನ್ನು ಹೊರಗೆ ಹಾಕಿ, ಮನೆಗೆ ಬೀಗ ಜಡಿದರು. “ನೀ ನಮ್ಮತ್ತಿಗೆ ಏನಾಗಬೇಕು?” ಎಂದು ಕೇಳಿದರಂತೆ. ಎಂಥ ಜನ...

ಈಗ ಅವಳು ನನ್ನ ಮನೆಯಲ್ಲಿದ್ದಾಳೆ. ನಿನ್ನೆ ಊಟಕ್ಕೆ ಕೂತವಳು ರೊಟ್ಟಿ ಮುರಿಯುತ್ತಲೇ ನಿಲ್ಲಿಸಿ ಕೇಳಿದಳು: “ಅಕ್ಕಾ, ನನ್ನ ಸಲುವಾಗಿ ಬಾಯಿ ಮಾಡಾವ್ರು ಇನ್ನ ಯಾರದಾರ್ರಿ?”

ನಾನಿದ್ದೇನೆ ಎಂದೆ. ಅಂದು ಮಾವಶಿ ‘ನಾ ಅದೇನಿ’ ಅಂದಂತೆ ಅದು ಕೇಳಿಸಲಿಲ್ಲ.